ವಿವಾಹವಿಚ್ಛೇದನೆಯೂ ಮನೆಯ ಆಸ್ತಿಯೂ: ಶಾಸನದಲ್ಲಿ ಉಳಿದಿರುವ ಒಂದು ತೆರಪು

ಹಿಂದೂ ಕುಟುಂಬದ ಆಸ್ತಿವ್ಯವಹಾರದ ಮಾತು ಬಂದಾಗ ಕನ್ನಡಿಗರು ಅಭಿಮಾನದಿಂದ ಸ್ಮರಿಸತಕ್ಕ ಹೆಸರು ವಿಜ್ಞಾನೇಶ್ವರನದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ಈ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ವಂಗದೇಶವನ್ನು ಬಿಟ್ಟು ಭಾರತದ ಬಹುಭಾಗಕ್ಕೆ ಪ್ರಮಾಣಗ್ರಂಥವಾಯಿತು. ಸ್ತ್ರೀಧನವೆಂದರೆ ತವರಿನವರು ಕೊಟ್ಟ ಒಡವೆ ವಸ್ತ್ರಗಳಷ್ಟೇ ಅಲ್ಲ; ವಾರಸಿನಿಂದ, ಕ್ರಯದಿಂದ, ವಿಭಾಗದಿಂದ ಬಂದದ್ದೂ ಸ್ತ್ರೀಧನವೇ ಎಂದು ಅವನು ಅರ್ಥವನ್ನು ವಿಸ್ತರಿಸಿದನು. ಆಂಗ್ಲರ ಆಳಿಕೆಯಲ್ಲಿ ಪ್ರಿವಿ ಕೌನ್ಸಿಲು ಆ ಅರ್ಥವನ್ನು ಮತ್ತೆ ಕಿರಿದುಮಾಡಿತು.

ಅದೇ ಸ್ಮೃತಿಯ ಆಚಾರಾಧ್ಯಾಯದಲ್ಲಿ ನಮ್ಮ ಪ್ರಸ್ತುತ ವಿಷಯಕ್ಕೆ ಸಂಬಂಧಿಸಿದ ಒಂದು ವಿಧಿಯುಂಟು. ನಿರಪರಾಧಿಯಾದ, ಮನೆವಾರ್ತೆಯಲ್ಲಿ ದಕ್ಷಳಾದ ಪತ್ನಿಯನ್ನು ತ್ಯಜಿಸುವ ಪತಿಯಿಂದ ಅವನ ದ್ರವ್ಯದ ಮೂರನೆಯ ಒಂದು ಅಂಶವನ್ನು ಆಕೆಗೆ ಕೊಡಿಸಬೇಕು. ಅವನು ದರಿದ್ರನಾಗಿದ್ದರೆ ಆಕೆಯ ಪೋಷಣೆಯನ್ನಾದರೂ ಮಾಡಿಸಬೇಕು ಎಂಬುದು ಅದರ ತಾತ್ಪರ್ಯ. ಇಲ್ಲಿ ಮೊದಲು ಬರುವುದು ಅಂಶ, ಪೋಷಣೆ ಎರಡನೆಯದು. ನಮ್ಮ ಇಂದಿನ ಶಾಸನದಲ್ಲಿ ಈ ಕ್ರಮ ತಿರುಗುಮುರುಗಾಗಿದೆ. ಪೋಷಣೆಗೆ ಹಲವು ಕಾಯಿದೆಗಳಿವೆ. ಅಂಶಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಒಂದೂ ಇಲ್ಲ. ದಾಂಪತ್ಯ ಮುರಿದಾಗ ಬಿಡುಗಡೆ, ಜೀವನಾಂಶ, ಆಸ್ತಿ, ಮಕ್ಕಳು ಎಂಬ ನಾಲ್ಕು ಪ್ರಶ್ನೆಗಳೇಳುತ್ತವೆ. ಇವುಗಳಲ್ಲಿ ಮೂರಕ್ಕೆ ಶಾಸನವು ಉತ್ತರ ಕೊಡುತ್ತದೆ. ಆಸ್ತಿಯ ಪ್ರಶ್ನೆಗೆ ಮಾತ್ರ ಅದು ಕಾಗದಪತ್ರದಲ್ಲಿರುವ ಹೆಸರನ್ನು ಓದಿ ಸುಮ್ಮನಾಗುತ್ತದೆ. ಈ ಸಂಗತಿಯನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಒಂದು ನುಡಿ, ಹಲವು ಕಾಯಿದೆ

ವಿವಾಹ, ವಿಚ್ಛೇದನೆ, ಅಪ್ರಾಪ್ತವಯಸ್ಕರು, ವಾರಸು, ಅವಿಭಕ್ತ ಕುಟುಂಬ, ವಿಭಾಗ ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಯ ಐದನೆಯ ಬಾಬಿನಲ್ಲಿವೆ. ಆದ್ದರಿಂದ ಸಂಸತ್ತೂ ರಾಜ್ಯಗಳ ವಿಧಾನಮಂಡಲಗಳೂ ಇವುಗಳ ಮೇಲೆ ಶಾಸನ ಮಾಡಬಲ್ಲವು. ಸಂಸತ್ತಿನ ಕಾಯಿದೆಗೆ ವಿರುದ್ಧವಾದ ರಾಜ್ಯಶಾಸನವು ರಾಷ್ಟ್ರಪತಿಗಳ ಒಪ್ಪಿಗೆ ಪಡೆದರೆ ಆ ರಾಜ್ಯದ ಮಟ್ಟಿಗೆ ಊರ್ಜಿತವಾಗುತ್ತದೆ. ಸ್ಥಳಕ್ಕೆ ತಕ್ಕಂತೆ ಹಕ್ಕು ಬೇರೆಯಾಗುವುದಕ್ಕೆ ಇದೇ ಮೂಲ.

ಸಂವಿಧಾನಕ್ಕೆ ಮೊದಲೂ ಈ ಭೇದವಿತ್ತು. ಬಡೋದೆಯ ಮಹಾರಾಜ ಸಯಾಜಿರಾವ ಗಾಯಕವಾಡರ ಸಂಸ್ಥಾನದಲ್ಲಿ ೧೯೩೧ರಲ್ಲಿಯೇ ಹಿಂದೂ ವಿಚ್ಛೇದನೆಯ ಶಾಸನವಾಯಿತು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ೧೯೩೩ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತು. ಅವಿಭಕ್ತ ಕುಟುಂಬದ ವಿಭಾಗದಲ್ಲಿ ವಿಧವೆಗೂ ತಾಯಿಗೂ ಅವಿವಾಹಿತ ಪುತ್ರಿಗೂ ಅದು ಗೊತ್ತಾದ ಪಾಲನ್ನು ಕೊಟ್ಟಿತು. ಸ್ತ್ರೀಧನದ ಅರ್ಥವನ್ನು ಮತ್ತೆ ಹಿಗ್ಗಿಸಿತು. ಆದರೆ ವಿಚ್ಛೇದನೆಗೆ ಅದರಲ್ಲಿ ಅವಕಾಶವಿರಲಿಲ್ಲ. ಮುಂಬಯಿ ಪ್ರಾಂತವು ೧೯೪೬ರಲ್ಲಿ ದ್ವಿಪತ್ನಿತ್ವವನ್ನು ನಿಷೇಧಿಸಿ, ೧೯೪೭ರಲ್ಲಿ ಹಿಂದೂ ವಿಚ್ಛೇದನೆಯ ಕಾಯಿದೆಯನ್ನು ಮಾಡಿತು. ದ್ವಿಪತ್ನಿತ್ವದ ಕಾಯಿದೆಯ ಊರ್ಜಿತವನ್ನು ಪ್ರಶ್ನಿಸಿದ ನರಸು ಅಪ್ಪ ಮಾಳಿ ಮೊಕದ್ದಮೆಯಲ್ಲಿ, ೧೯೫೧ರಲ್ಲಿ, ಛಾಗ್ಲಾ ಮತ್ತು ಗಜೇಂದ್ರಗಡಕರ ನ್ಯಾಯಮೂರ್ತಿಗಳು ಅದನ್ನು ಎತ್ತಿಹಿಡಿದರು. ಮದರಾಸು ಪ್ರಾಂತವು ೧೯೪೯ರಲ್ಲಿ ಇಂಥದೇ ಕಾಯಿದೆಯನ್ನು ಮಾಡಿತಲ್ಲದೆ, ಅಳಿಯಸಂತಾನದವರ ವಿವಾಹ, ಜೀವನಾಂಶ, ಪಾಲಕತ್ವ, ವಾರಸು ಮತ್ತು ವಿಭಾಗಗಳಿಗಾಗಿ ಅದೇ ವರ್ಷ ಪ್ರತ್ಯೇಕ ಶಾಸನವನ್ನು ರಚಿಸಿತು.

ಇದರ ಫಲವೇನೆಂಬುದನ್ನು ಗಮನಿಸಬೇಕು. ೧೯೫೦ರ ಸುಮಾರಿಗೆ ಧಾರವಾಡದ ಹೆಣ್ಣಿಗೆ ಮುಂಬಯಿ ಕಾಯಿದೆಯ ಮೇರೆಗೆ ವಿಚ್ಛೇದನೆಯ ಬಾಗಿಲು ತೆರೆದಿತ್ತು. ಆದರೆ ಮಗಳಾಗಿ ತವರಿನ ಅವಿಭಕ್ತ ಆಸ್ತಿಯಲ್ಲಿ ಮೈಸೂರಿನವಳಿಗಿದ್ದಂಥ ಪಾಲು ಅವಳಿಗಿರಲಿಲ್ಲ. ಮೈಸೂರಿನವಳಿಗೆ ಪಾಲು ಇತ್ತು. ಶಾಸನಬದ್ಧ ಬಿಡುಗಡೆ ಇರಲಿಲ್ಲ. ಒಂದೇ ನುಡಿಯನ್ನಾಡುವ ಇಬ್ಬರಲ್ಲಿ ಒಬ್ಬಳಿಗೆ ಮನೆಯಿಂದ ಹೊರಬರುವ ಹಕ್ಕು, ಇನ್ನೊಬ್ಬಳಿಗೆ ಹೊರಬಂದರೆ ನಿಲ್ಲುವುದಕ್ಕೆ ನೆಲೆ; ಎರಡೂ ಒಟ್ಟಿಗೆ ಯಾರಿಗೂ ಇಲ್ಲ. ಅಂದು ಎದ್ದುಕಂಡ ಈ ವಿಪರ್ಯಾಸವು ಬೇರೊಂದು ರೂಪದಲ್ಲಿ ಇಂದಿಗೂ ಉಳಿದಿದೆ.

ಬಿಡುಗಡೆ

೧೯೫೫ರ ಮೇ ೧೮ರಂದು ಜಾರಿಗೆ ಬಂದ ಹಿಂದೂ ವಿವಾಹ ಕಾಯಿದೆಯು ಈ ಪ್ರಾಂತೀಯ ವಿಚ್ಛೇದನಾ ಶಾಸನಗಳನ್ನು ರದ್ದುಪಡಿಸಿ ಒಂದೇ ನಿಯಮವನ್ನು ತಂದಿತು. ವೀರಶೈವರಿಗೂ ಲಿಂಗಾಯತರಿಗೂ ಅದು ಅನ್ವಯಿಸುವುದೆಂದು ಎರಡನೆಯ ಕಲಮಿನಲ್ಲಿ ಹೆಸರಿಸಿಯೇ ಹೇಳಿದೆ. ಬೌದ್ಧರು, ಜೈನರು, ಸಿಖ್ಖರೂ ಅದರ ವ್ಯಾಪ್ತಿಗೆ ಸೇರುತ್ತಾರೆ. ಮುಸಲ್ಮಾನ, ಕ್ರೈಸ್ತ, ಪಾರಸಿ ಸಮಾಜಗಳಿಗೆ ಪ್ರತ್ಯೇಕ ವಿಧಿಗಳಿವೆ. ಮತಭೇದವಿಲ್ಲದೆ ವಿವಾಹವಾಗುವವರಿಗೆ ೧೯೫೪ರ ವಿಶೇಷ ವಿವಾಹ ಕಾಯಿದೆಯಿದೆ.

ಮೂಲ ಕಾಯಿದೆಯಲ್ಲಿ ಕ್ರೌರ್ಯ ಮತ್ತು ಪರಿತ್ಯಾಗಗಳು ನ್ಯಾಯಿಕ ಪ್ರತ್ಯೇಕವಾಸಕ್ಕೆ ಮಾತ್ರ ಕಾರಣಗಳಾಗಿದ್ದವು. ೧೯೭೬ರ ತಿದ್ದುಪಡಿಯು ಅವನ್ನು ವಿಚ್ಛೇದನೆಗೂ ಕಾರಣಗಳನ್ನಾಗಿ ಮಾಡಿತು. ಜೊತೆಗೆ ಉಭಯಸಮ್ಮತಿಯ ವಿಚ್ಛೇದನೆಯನ್ನು ಸೇರಿಸಿತು. ಇದಕ್ಕೆ ಒಂದು ವರ್ಷ ಬೇರೆಯಾಗಿ ವಾಸಿಸಿರಬೇಕು. ಅರ್ಜಿ ಸಲ್ಲಿಸಿದ ಮೇಲೆ ಆರು ತಿಂಗಳು ಕಾಯಬೇಕು. ಸೂಕ್ತ ಪ್ರಸಂಗದಲ್ಲಿ ಈ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೭ರಲ್ಲಿ ಹೇಳಿತು. ಸರಿಪಡಿಸಲಾಗದಷ್ಟು ದಾಂಪತ್ಯ ಮುರಿದಿರುವುದು ಇಂದಿಗೂ ಈ ಕಾಯಿದೆಯಲ್ಲಿ ಕಾರಣವಾಗಿಲ್ಲ. ಸರ್ವೋಚ್ಚ ನ್ಯಾಯಾಲಯವು ಮಾತ್ರ ಸಂವಿಧಾನದ ೧೪೨ನೆಯ ಅನುಚ್ಛೇದದ ಮೇರೆಗೆ ಈ ಕಾರಣದಿಂದ ವಿಚ್ಛೇದನೆ ಕೊಡಬಹುದೆಂದು ಅದರ ಸಂವಿಧಾನಪೀಠವು ೨೦೨೩ರಲ್ಲಿ ನಿರ್ಣಯಿಸಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಉತ್ತರ ಕರ್ನಾಟಕದ ಹಲವು ಸಮಾಜಗಳಲ್ಲಿ ಸೋಡಚೀಟಿಯೂ ಉಡಿಕೆಯೂ ಹಿಂದಿನಿಂದ ನಡೆದುಬಂದ ರೂಢಿಗಳು. ಅಂಥ ರೂಢಿಗಳನ್ನು ಕಾಯಿದೆಯ ೨೯ನೆಯ ಕಲಮು ಉಳಿಸಿದೆ. ಆದರೆ ತನ್ನ ಸಮಾಜದಲ್ಲಿ ರೂಢಿಯಿದೆಯೆಂದು ಹೇಳುವವನೇ ಅದನ್ನು ಸಾಕ್ಷ್ಯದಿಂದ ಸಿದ್ಧಪಡಿಸಬೇಕು. ರೂಢಿಯಿಲ್ಲದ ಸಮಾಜದವರು ಛಾಪಾ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಿದ ಮಾತ್ರಕ್ಕೆ ವಿವಾಹವು ಬಿಡುವುದಿಲ್ಲ. ಆ ಕಾಗದವನ್ನು ನಂಬಿ ಮಾಡಿಕೊಂಡ ಎರಡನೆಯ ಮದುವೆಯು ಶೂನ್ಯವಾಗುತ್ತದೆ.

ಜೀವನಾಂಶ

ಮೊಕದ್ದಮೆ ನಡೆಯುತ್ತಿರುವಾಗ ಮಧ್ಯಂತರ ಜೀವನಾಂಶವನ್ನು ೨೪ನೆಯ ಕಲಮೂ, ತೀರ್ಮಾನದ ವೇಳೆಗೆ ಅಥವಾ ಅನಂತರ ಶಾಶ್ವತ ಜೀವನಾಂಶವನ್ನು ೨೫ನೆಯ ಕಲಮೂ ವಿಧಿಸುತ್ತವೆ. ಈ ಎರಡರಲ್ಲಿಯೂ ಪತ್ನಿಯಂತೆ ಪತಿಯೂ ಅರ್ಜಿದಾರನಾಗಬಹುದು. ವಿಚ್ಛೇದನೆ ಬಯಸದೆ ಬೇರೆಯಾಗಿ ವಾಸಿಸುವ ಹಿಂದೂ ಪತ್ನಿಗೆ ೧೯೫೬ರ ದತ್ತಕ ಮತ್ತು ಜೀವನಾಂಶ ಕಾಯಿದೆಯ ೧೮ನೆಯ ಕಲಮಿದೆ. ಮತಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುವ ಶೀಘ್ರ ಪರಿಹಾರವು ಹಿಂದೆ ದಂಡಪ್ರಕ್ರಿಯಾ ಸಂಹಿತೆಯ ೧೨೫ನೆಯ ಕಲಮಿನಲ್ಲಿತ್ತು. ೨೦೨೪ರ ಜುಲೈ ೧ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಕಲಮಾಗಿದೆ. ೨೦೦೧ರ ತಿದ್ದುಪಡಿಯಾಗುವವರೆಗೆ ಇದರಲ್ಲಿ ತಿಂಗಳಿಗೆ ೫೦೦ ರೂಪಾಯಿಗಳ ಮಿತಿಯಿತ್ತೆಂಬುದನ್ನು ನೆನೆದರೆ, ಎಷ್ಟು ಕುಟುಂಬಗಳು ಎಷ್ಟು ಅಲ್ಪದಲ್ಲಿ ಬಾಳಬೇಕಾಯಿತೆಂಬುದು ತಿಳಿಯುತ್ತದೆ. ವಿಚ್ಛೇದಿತಳಾದ ಮುಸಲ್ಮಾನ ಸ್ತ್ರೀಯೂ ಈ ಪರಿಹಾರವನ್ನು ಕೇಳಬಹುದೆಂದು ತೆಲಂಗಾಣದಿಂದ ಹೋದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೪ರಲ್ಲಿ ಸ್ಪಷ್ಟಪಡಿಸಿತು.

ಜೀವನಾಂಶಕ್ಕೆ ಕಾಯಿದೆಯಲ್ಲಿ ಗೊತ್ತಾದ ಪ್ರಮಾಣವಿಲ್ಲ. ಉಭಯರ ಆದಾಯ, ಆಸ್ತಿ, ನಡತೆ, ಅವಶ್ಯಕತೆಗಳನ್ನು ನೋಡಿ ನ್ಯಾಯಾಧೀಶರು ನಿರ್ಣಯಿಸುತ್ತಾರೆ. ಮುಖ್ಯವಾದ ಸುಧಾರಣೆಯೊಂದು ೨೦೨೦ರ ನವೆಂಬರಿನಲ್ಲಿ ಆಯಿತು. ಎರಡೂ ಪಕ್ಷದವರು ತಮ್ಮ ಆಸ್ತಿ ಮತ್ತು ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕು. ಜೀವನಾಂಶವನ್ನು ಅರ್ಜಿಯ ತಾರೀಖಿನಿಂದಲೇ ಕೊಡಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. ಲೆಕ್ಕ ಬಚ್ಚಿಡುವ ದಾರಿ ಇದರಿಂದ ಕಿರಿದಾಗಿದೆ.

ಆದರೆ ಜೀವನಾಂಶವು ಸ್ವಭಾವತಃ ತಿಂಗಳ ಅನ್ನದ ಲೆಕ್ಕ. ಸ್ಥಿತಿಗತಿ ಬದಲಾದರೆ ಅದು ಏರಬಹುದು, ಇಳಿಯಬಹುದು. ಪಡೆಯುವವರು ಮರುಮದುವೆಯಾದರೆ ರದ್ದಾಗಬಹುದು. ಇಪ್ಪತ್ತು ವರ್ಷ ಇಬ್ಬರೂ ದುಡಿದು ಕಟ್ಟಿದ ಮನೆಯಲ್ಲಿ ಇದರಿಂದ ಒಂದು ಇಟ್ಟಿಗೆಯೂ ಬರುವುದಿಲ್ಲ.

ಆಸ್ತಿ

ಹಿಂದೂ ವಿವಾಹ ಕಾಯಿದೆಯಲ್ಲಿ ಆಸ್ತಿಗೆ ಸಂಬಂಧಿಸಿದ್ದು ೨೭ನೆಯ ಕಲಮು. ವಿವಾಹದ ಸಮಯದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದು ಇಬ್ಬರಿಗೂ ಸೇರಿದ್ದನ್ನು ಹಂಚುವುದಕ್ಕೆ ಮಾತ್ರ ಅದು ಅಧಿಕಾರ ಕೊಡುತ್ತದೆ. ಕೇವಲ ಪತ್ನಿಯದಾದ ಸ್ತ್ರೀಧನವು ಆಕೆಯ ನಿರ್ಬಾಧ ಸ್ವತ್ತು; ಅದನ್ನು ಇಟ್ಟುಕೊಂಡವರು ಕೇವಲ ನ್ಯಾಸಧಾರಿಗಳು, ಕೇಳಿದಾಗ ಹಿಂದಿರುಗಿಸತಕ್ಕವರು ಎಂದು ಸರ್ವೋಚ್ಚ ನ್ಯಾಯಾಲಯವು ೧೯೮೫ರಲ್ಲಿ ಸಾರಿತು. ದಾಂಪತ್ಯದ ಅವಧಿಯಲ್ಲಿ ಸಂಪಾದಿಸಿದ ಮನೆ, ಠೇವಣಿ, ಷೇರುಗಳ ಬಗೆಗೆ ಕಾಯಿದೆಯು ಮೌನವಾಗಿದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಧಾರವಾಡ ಜಿಲ್ಲೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಸಿದ ದಂಪತಿಗಳು, ಇಬ್ಬರೂ ನೌಕರರು. ಮನೆಯ ಸಾಲ ಪತಿಯ ಹೆಸರಿನಲ್ಲಿ. ಕಂತು ಅವನ ಸಂಬಳದಿಂದ ಕಳೆಯುತ್ತದೆ. ಪತ್ನಿಯ ಸಂಬಳ ದಿನಸಿ, ಶಾಲೆಯ ಫೀಜು, ಮಾವನವರ ಔಷಧಿ, ಊರಿನಿಂದ ಬಂದುಹೋಗುವವರ ಆತಿಥ್ಯಗಳಿಗೆ ವೆಚ್ಚವಾಗುತ್ತದೆ. ಇಪ್ಪತ್ತು ವರ್ಷಗಳ ಮೇಲೆ ಬ್ಯಾಂಕಿನ ಲೆಕ್ಕದಲ್ಲಿ ಪತಿಯ ಕಂತುಗಳೆಲ್ಲ ಒಂದೊಂದಾಗಿ ಕಾಣುತ್ತವೆ. ಪತ್ನಿಯ ವೆಚ್ಚ ಎಲ್ಲಿಯೂ ಆಸ್ತಿಯಾಗಿ ಕಾಣುವುದಿಲ್ಲ. ಆಕೆ ಆ ವೆಚ್ಚವನ್ನು ವಹಿಸದಿದ್ದರೆ ಅವನಿಂದ ಕಂತು ಕಟ್ಟಲಾಗುತ್ತಿರಲಿಲ್ಲವೆಂಬುದು ಲೆಕ್ಕಪುಸ್ತಕಕ್ಕೆ ತಿಳಿಯದ ಸತ್ಯ. ನೌಕರಿಯಿಲ್ಲದೆ ಮನೆ ನೋಡಿಕೊಂಡವಳ ಸ್ಥಿತಿ ಇನ್ನೂ ಕಠಿನ. ೨೦೦೫ರ ಕೌಟುಂಬಿಕ ಹಿಂಸೆಯ ಕಾಯಿದೆಯು ಪೀಡಿತಳಾದ ಪತ್ನಿಗೆ ಮನೆಯಲ್ಲಿ ವಾಸಿಸುವ ಹಕ್ಕನ್ನು ಕೊಟ್ಟಿದೆ, ಒಡೆತನವನ್ನಲ್ಲ.

ಈ ಕೊರತೆಯನ್ನು ತುಂಬುವ ಯತ್ನ ಒಮ್ಮೆ ನಡೆಯಿತು. ದಾಂಪತ್ಯ ಮುರಿದಿರುವುದನ್ನೇ ವಿಚ್ಛೇದನೆಗೆ ಕಾರಣವನ್ನಾಗಿ ಮಾಡಿ, ಪತಿಯ ಆಸ್ತಿಯಲ್ಲಿ ಪತ್ನಿಗೆ ಪಾಲು ಕೊಡಿಸುವ ಮಸೂದೆಯನ್ನು ರಾಜ್ಯಸಭೆಯು ೨೦೧೩ರಲ್ಲಿ ಅಂಗೀಕರಿಸಿತು. ೨೦೧೪ರಲ್ಲಿ ಲೋಕಸಭೆಯ ವಿಸರ್ಜನೆಯೊಂದಿಗೆ ಅದು ಬಿದ್ದುಹೋಯಿತು. ೨೦೨೩ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು, ಗೃಹಿಣಿಯ ದುಡಿಮೆಯೂ ಆಸ್ತಿಯ ಸಂಪಾದನೆಗೆ ಪರೋಕ್ಷ ಕೊಡುಗೆಯೇ ಎಂದು ಹೇಳಿ ಆಕೆಗೆ ಸಮಪಾಲನ್ನು ಮಾನ್ಯಮಾಡಿತು. ಇದು ಸ್ವಾಗತಾರ್ಹವಾದ ತೀರ್ಪು. ಆದರೆ ಒಂದು ತೀರ್ಪು ಶಾಸನದ ಸ್ಥಾನವನ್ನು ತುಂಬಲಾರದು.

ಬೇರೆ ಬಗೆಯ ವ್ಯವಸ್ಥೆಯನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಕಾರವಾರದ ಗಡಿ ದಾಟಿದರೆ ಸಾಕು. ೧೮೬೭ರ ಪೋರ್ಚುಗೀಸ ನಾಗರಿಕ ಸಂಹಿತೆಯು ಗೋವೆಯಲ್ಲಿ ಮತಭೇದವಿಲ್ಲದೆ ನಡೆದುಬಂದಿದೆ. ವಿವಾಹಕ್ಕೆ ಮೊದಲು ಬೇರೆ ಕರಾರು ಮಾಡಿಕೊಳ್ಳದಿದ್ದರೆ ದಂಪತಿಗಳ ಆಸ್ತಿ ಒಂದಾಗುತ್ತದೆ. ಅದರಲ್ಲಿ ಇಬ್ಬರಿಗೂ ಅರ್ಧರ್ಧ ಹಕ್ಕು. ಗೋವೆಯವರ ಆಸ್ತಿ ದೇಶದ ಬೇರೆ ಭಾಗದಲ್ಲಿದ್ದರೂ ಅದರ ವಾರಸಿಗೆ ಈ ಸಂಹಿತೆಯೇ ಅನ್ವಯಿಸುವುದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರಲ್ಲಿ ಹೇಳಿತು. ಕಾಣಕೋಣದ ಗೃಹಿಣಿಗಿರುವ ಹಕ್ಕು ನೆರೆಯ ಕಾರವಾರದ ಗೃಹಿಣಿಗಿಲ್ಲ.

ತವರಿನ ಆಸ್ತಿಯ ವಿಷಯದಲ್ಲಿ ಮಾತ್ರ ರಾಜ್ಯಗಳೇ ದಾರಿ ತೋರಿದವು. ವಿಚ್ಛೇದಿತಳಿಗೆ ಅನೇಕ ಸಲ ಕೊನೆಯ ಆಸರೆ ಇದೇ ಆದ್ದರಿಂದ ಇದನ್ನು ಇಲ್ಲಿ ಹೇಳಬೇಕಾಗಿದೆ. ಮಗಳನ್ನು ಸಹದಾಯಾದಿಯನ್ನಾಗಿ ಮಾಡಿ ಆಂಧ್ರಪ್ರದೇಶವು ೧೯೮೬ರಲ್ಲಿ, ತಮಿಳುನಾಡು ೧೯೮೯ರಲ್ಲಿ, ಮಹಾರಾಷ್ಟ್ರ ಮತ್ತು ಕರ್ನಾಟಕಗಳು ೧೯೯೪ರಲ್ಲಿ ವಾರಸಿನ ಕಾಯಿದೆಯನ್ನು ತಿದ್ದಿದವು. ಆದರೆ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದ ೧೯೯೪ರ ಜುಲೈ ೩೦ಕ್ಕೆ ಮೊದಲು ಮದುವೆಯಾದವಳಿಗೆ ಆ ಹಕ್ಕು ಸಿಕ್ಕಲಿಲ್ಲ. ಅಕ್ಕ ಹೊರಗೆ, ತಂಗಿ ಒಳಗೆ ಆದ ಮನೆಗಳು ಹಲವು. ೨೦೦೫ರ ಸೆಪ್ಟೆಂಬರ ೯ರಿಂದ ಕೇಂದ್ರದ ತಿದ್ದುಪಡಿಯು ಈ ಭೇದವನ್ನು ತೊಡೆದುಹಾಕಿತು. ಈ ಹಕ್ಕು ಹುಟ್ಟಿನಿಂದಲೇ ಬರುವುದು, ಆ ದಿನ ತಂದೆ ಬದುಕಿರಬೇಕೆಂಬ ನಿರ್ಬಂಧವಿಲ್ಲ ಎಂದು ೨೦೨೦ರ ತೀರ್ಪು ಸಂದೇಹವನ್ನು ಪರಿಹರಿಸಿತು. ಆದುದರಿಂದ ಊರಿನ ಹೊಲದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮೊದಲು, ಪರಊರಿನಲ್ಲಿರುವ ಹೆಣ್ಣುಮಗಳು ತಾನು ಬಿಟ್ಟುಕೊಡುತ್ತಿರುವುದು ಏನೆಂಬುದನ್ನು ತಿಳಿದಿರುವುದೊಳಿತು.

ಮಕ್ಕಳು

ಮಕ್ಕಳ ವಿಷಯದಲ್ಲಿ ಶಾಸನದ ಸೂತ್ರ ಸರಳವಾದುದು. ೧೮೯೦ರ ಪಾಲಕರ ಕಾಯಿದೆಯೂ ೧೯೫೬ರ ಹಿಂದೂ ಅಪ್ರಾಪ್ತವಯಸ್ಕರ ಕಾಯಿದೆಯೂ ಮಗುವಿನ ಹಿತವನ್ನೇ ಮುಂದಿಡುತ್ತವೆ. ಎರಡನೆಯದರ ೧೩ನೆಯ ಕಲಮು ಆ ಹಿತವೇ ಪರಮವೆನ್ನುತ್ತದೆ. ಐದು ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ವಶದಲ್ಲಿರತಕ್ಕದ್ದು. ವಿವಾಹ ಕಾಯಿದೆಯ ೨೬ನೆಯ ಕಲಮಿನ ಮೇರೆಗೆ ನ್ಯಾಯಾಲಯವು ಮಕ್ಕಳ ವಶ, ಪೋಷಣೆ, ವಿದ್ಯಾಭ್ಯಾಸಗಳ ಆಜ್ಞೆಗಳನ್ನು ಕಾಲಕಾಲಕ್ಕೆ ಮಾರ್ಪಡಿಸಬಹುದು. ತಿಳಿವಳಿಕೆ ಬಂದ ಮಗುವಿನ ಇಚ್ಛೆಯನ್ನೂ ನ್ಯಾಯಾಧೀಶರು ವಿಚಾರಿಸುತ್ತಾರೆ.

ವಶ ಬೇರೆ, ಪಾಲಕತ್ವ ಬೇರೆ ಎಂಬುದನ್ನು ಮರೆಯಬಾರದು. ಮಗುವನ್ನು ಸಾಕುವವಳು ತಾಯಿಯಾದರೂ, ಅದರ ಹೆಸರಿನ ಹಣಕ್ಕೆ ಸಹಿ ಹಾಕತಕ್ಕವನು ತಂದೆ ಎಂಬ ಭಾವನೆ ಬಹುಕಾಲ ನಡೆಯಿತು. ೧೯೫೬ರ ಕಾಯಿದೆಯ ೬ನೆಯ ಕಲಮು, ಸ್ವಾಭಾವಿಕ ಪಾಲಕನು ತಂದೆ, ಅವನ ‘ತರುವಾಯ’ ತಾಯಿ ಎಂದು ಹೇಳಿದ್ದೇ ಇದಕ್ಕೆ ಕಾರಣ. ಲೇಖಕಿ ಗೀತಾ ಹರಿಹರನ್ ೧೯೮೪ರಲ್ಲಿ ತಮ್ಮ ಮಗನ ಹೆಸರಿನಲ್ಲಿ ರಿಸರ್ವ ಬ್ಯಾಂಕಿನ ಬಾಂಡುಗಳಿಗಾಗಿ ಪಾಲಕಿಯೆಂದು ಅರ್ಜಿ ಸಲ್ಲಿಸಿದಾಗ ಅದು ಹಿಂದಿರುಗಿ ಬಂದಿತು. ತಂದೆಯ ಸಹಿ ಬೇಕೆಂದಿತ್ತು. ೧೯೯೯ರಲ್ಲಿ ಸರ್ವೋಚ್ಚ ನ್ಯಾಯಾಲಯವು, ‘ತರುವಾಯ’ ಎಂದರೆ ತಂದೆಯ ಮರಣಾನಂತರವೆಂದಷ್ಟೇ ಅರ್ಥವಲ್ಲ, ಅವನು ಹೊಣೆ ವಹಿಸದಿದ್ದಾಗ ಎಂಬ ಅರ್ಥವೂ ಉಂಟು ಎಂದು ವ್ಯಾಖ್ಯಾನಿಸಿತು. ಒಂದು ಪದದ ಅರ್ಥನಿರ್ಣಯಕ್ಕೆ ನಲವತ್ತಮೂರು ವರ್ಷಗಳು ಹಿಡಿದವು. ತಂದೆತಾಯಿಗಳಿಬ್ಬರಿಗೂ ಕೂಡಿದ ವಶವನ್ನು ವಿಧಿಸುವ ಅವಕಾಶವಿರಬೇಕೆಂದು ಕಾನೂನು ಆಯೋಗವು ೨೦೧೫ರ ತನ್ನ ೨೫೭ನೆಯ ವರದಿಯಲ್ಲಿ ಸಲಹೆ ಮಾಡಿದೆ.

ಯಾವ ಊರಿನ ನ್ಯಾಯಾಲಯ?

ಹೊರನಾಡಿನ ಕನ್ನಡಿಗರಿಗೆ ಈ ಪ್ರಶ್ನೆ ಬಹು ಮುಖ್ಯವಾದುದು. ಮದುವೆಯಾದದ್ದು ಹುಬ್ಬಳ್ಳಿಯಲ್ಲಿ, ಸಂಸಾರ ಪುಣೆಯಲ್ಲಿ, ಹೊಲ ಗದಗಿನಲ್ಲಿ, ಮನಸ್ತಾಪದ ಮೇಲೆ ಪತ್ನಿ ಮಗುವಿನೊಡನೆ ತವರಿಗೆ ಬಂದದ್ದು ಬೆಳಗಾವಿಗೆ ಎಂದಿಟ್ಟುಕೊಳ್ಳೋಣ. ವಿಚ್ಛೇದನೆಯ ಅರ್ಜಿಯನ್ನು ಮದುವೆಯಾದ ಸ್ಥಳದಲ್ಲಿ, ಕೊನೆಗೆ ಕೂಡಿ ವಾಸಿಸಿದ ಸ್ಥಳದಲ್ಲಿ ಅಥವಾ ಪ್ರತಿವಾದಿಯಿರುವ ಸ್ಥಳದಲ್ಲಿ ಹಾಕಬಹುದು. ೨೦೦೩ರ ತಿದ್ದುಪಡಿಯಿಂದ, ಅರ್ಜಿದಾರಳು ಪತ್ನಿಯಾಗಿದ್ದರೆ ತಾನಿರುವ ಸ್ಥಳದಲ್ಲಿಯೂ ಹಾಕಬಹುದು. ಜೀವನಾಂಶದ ಅರ್ಜಿಯನ್ನೂ ಪತ್ನಿ ತಾನಿರುವ ಊರಿನಲ್ಲಿ ಸಲ್ಲಿಸಬಹುದು. ಮಗುವಿನ ಪಾಲಕತ್ವದ ಅರ್ಜಿ ಮಗು ಸಾಮಾನ್ಯವಾಗಿ ವಾಸಿಸುವ ಜಿಲ್ಲೆಗೆ ಸೇರಿದುದು. ಸ್ಥಿರಾಸ್ತಿಯ ದಾವೆ ಆಸ್ತಿಯಿದ್ದಲ್ಲಿಯೇ ನಡೆಯತಕ್ಕದ್ದು. ಹೀಗೆ ಒಂದು ಸಂಸಾರದ ಮೊಕದ್ದಮೆ ಮೂರು ನಾಲ್ಕು ಊರುಗಳಲ್ಲಿ ಹರಡಿಹೋಗಬಹುದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮೊಕದ್ದಮೆಯನ್ನು ವರ್ಗಾಯಿಸಲು ಸರ್ವೋಚ್ಚ ನ್ಯಾಯಾಲಯಕ್ಕೇ ಹೋಗಬೇಕು.

ಸ್ಥಳಭೇದದ ಕಥೆ ಇನ್ನೂ ಮುಗಿದಿಲ್ಲ. ಉತ್ತರಾಖಂಡವು ೨೦೨೪ರಲ್ಲಿ ಮಾಡಿದ ಏಕರೂಪ ನಾಗರಿಕ ಸಂಹಿತೆಯು ೨೦೨೫ರ ಜನವರಿ ೨೭ರಂದು ಜಾರಿಗೆ ಬಂದಿತು. ಅಲ್ಲಿನ ನಿವಾಸಿಗಳು ರಾಜ್ಯದ ಹೊರಗಿದ್ದರೂ ಅದು ಅವರನ್ನು ಹಿಂಬಾಲಿಸುತ್ತದೆ.

ಉಪಸಂಹಾರ

ಶಾಸನವು ಕಾಗದದ ಹೆಸರನ್ನೇ ನೋಡುವವರೆಗೆ ಕಾಗದದಲ್ಲಿ ಹೆಸರಿರುವಂತೆ ನೋಡಿಕೊಳ್ಳುವುದು ವಿವೇಕ. ಮನೆಯ ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಪತ್ನಿಗೆ ಸಂಬಳವಿದ್ದರೆ ಕಂತಿನ ಒಂದು ಭಾಗವು ಅವಳ ಖಾತೆಯಿಂದಲೇ ಹೋಗಲಿ. ಜಂಟಿ ಖಾತೆಯೆಂಬುದು ಹಣ ತೆಗೆಯುವ ಅನುಕೂಲವೇ ಹೊರತು ಒಡೆತನದ ಪೂರ್ಣ ಪ್ರಮಾಣವಲ್ಲ. ನಾಮಿನಿಯು ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸತಕ್ಕವನೇ ಹೊರತು ಒಡೆಯನಲ್ಲವೆಂದು ವಿಮೆಯ ಹಣದ ವಿಷಯದಲ್ಲಿ ಹಿಂದೆ ತೀರ್ಪಾಗಿತ್ತು. ಪತ್ನಿಗೂ ಮಕ್ಕಳಿಗೂ ಎಂದು ೧೮೭೪ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ ೬ನೆಯ ಕಲಮಿನ ಮೇರೆಗೆ ತೆಗೆದ ಜೀವವಿಮೆಯಾದರೋ ಅವರಿಗಾಗಿ ನ್ಯಾಸವಾಗುತ್ತದೆ. ಅದರ ಮೇಲೆ ಪತಿಯ ಹಿಡಿತವಾಗಲಿ ಅವನ ಸಾಲಗಾರರ ಹಕ್ಕಾಗಲಿ ನಡೆಯದು. ಲಾಕರಿನಲ್ಲಿರುವ ಒಡವೆಗಳಿಗೆ ಪಟ್ಟಿಯೂ ರಸೀತಿಯೂ ಇರಲಿ. ಇವು ಅವಿಶ್ವಾಸದ ಗುರುತುಗಳಲ್ಲ. ವಿಶ್ವಾಸವಿರುವಾಗಲೇ ಮಾಡಿಡತಕ್ಕ ವ್ಯವಸ್ಥೆಗಳು.

ಆದರೆ ಇದು ಅಕ್ಷರ ಬಲ್ಲವರಿಗೆ, ಬ್ಯಾಂಕಿನ ಮೆಟ್ಟಿಲು ಹತ್ತುವವರಿಗೆ ಒದಗುವ ಉಪಾಯ. ಎಲ್ಲರಿಗೂ ಒದಗಬೇಕಾದುದು ಶಾಸನ. ಮನೆವಾರ್ತೆಯಲ್ಲಿ ದಕ್ಷಳಾದವಳಿಗೆ ಮೊದಲು ಅಂಶ, ಅದು ಸಾಧ್ಯವಿಲ್ಲದಿದ್ದರೆ ಪೋಷಣೆ ಎಂಬ ಕ್ರಮವನ್ನು ಕಲ್ಯಾಣದ ಪಂಡಿತನು ವ್ಯಾಖ್ಯಾನಿಸಿ ಒಂಬತ್ತು ಶತಮಾನಗಳಾದವು. ಸಮವರ್ತಿ ಪಟ್ಟಿಯ ಅಧಿಕಾರ ರಾಜ್ಯಗಳಿಗೂ ಇದೆ. ೧೯೩೩ರಲ್ಲಿ ಮೈಸೂರು ದೇಶಕ್ಕೆ ಮೊದಲಾಯಿತು. ದಾಂಪತ್ಯದ ಸಂಪಾದನೆಯಲ್ಲಿ ಸಮಾಂಶವನ್ನು ವಿಧಿಸುವ ಶಾಸನದಲ್ಲಿ ಕರ್ನಾಟಕವು ಅಂಥ ಹೆಜ್ಜೆಯನ್ನು ಮತ್ತೊಮ್ಮೆ ಇಡಬಾರದೇಕೆ ಎಂಬುದನ್ನು ನಮ್ಮ ವಿದ್ವಾಂಸರೂ ಶಾಸಕರೂ ಪರ್ಯಾಲೋಚಿಸುವುದು ಅವಶ್ಯವಾಗಿದೆ.